ಓದುಗರ ಪ್ರಶ್ನೆ: ಪಾಸ್‌ಪೋರ್ಟ್ ಕತ್ತರಿಸಿ ಪ್ರಧಾನಿಗೆ ಕಳಿಸಿದ ಕಾದಂಬರಿಕಾರ

ಹೋದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ವಿಜ್ಞಾನ ಕಥೆಗಾರ ಇಯಾನ್ ಬ್ಯಾಂಕ್ಸ್ (1954–2013) ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ: ಇರಾಕ್ ಯುದ್ಧದ ಮೇಲಿನ ಸಿಟ್ಟಿಗೆ ತನ್ನ ಪಾಸ್‌ಪೋರ್ಟ್ ಕತ್ತರಿಸಿ ಆಗಿನ ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್‌ಗೆ ಅಂಚೆಯಲ್ಲಿ ಕಳಿಸಿದವನು ಅಂತ. ಈ ಸಲದ ಪತ್ರಗಳೆಲ್ಲ ಅವನ ಮೇಲೇ. ಅತ್ತೆ–ಸೊಸೆ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಹೊಂದಿಕೊಂಡು ಹೋಗಿ.

ಪಾಸ್‌ಪೋರ್ಟ್ ಹರಿದರೆ ಯುದ್ಧ ನಿಲ್ಲುತ್ತಾ ಸಾರ್? ಇದು ಬರೀ ಗಿಮಿಕ್ ಅಲ್ಲವೇ?
— ಒಬ್ಬ ವಕೀಲರು, ದಾವಣಗೆರೆ

ನಿಲ್ಲಲಿಲ್ಲ. 2003ರ ಫೆಬ್ರವರಿಯಲ್ಲಿ ಲಂಡನ್ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ನಡೆದರೂ ನಿಲ್ಲಲಿಲ್ಲ. ಬ್ಯಾಂಕ್ಸ್ ಮೊದಲು ಯೋಚಿಸಿದ್ದು ಇನ್ನೂ ಜೋರಾಗಿತ್ತು: ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಹಡಗುಕಟ್ಟೆಯ ಗೇಟಿಗೆ ತನ್ನ ಲ್ಯಾಂಡ್ ರೋವರ್ ನುಗ್ಗಿಸುವುದು. ಮೆಷಿನ್ ಗನ್ ಹಿಡಿದ ಕಾವಲಿನವರನ್ನು ನೋಡಿ ಆ ಯೋಚನೆ ಬಿಟ್ಟೆ ಅಂತ ಆತನೇ ಹೇಳಿಕೊಂಡಿದ್ದಾನೆ. ಹೆದರಿದೆ ಅಂತ ಒಪ್ಪಿಕೊಳ್ಳುವ ಪ್ರತಿಭಟನಕಾರ ನನಗೆ ಇಷ್ಟ. ಗಿಮಿಕ್ ಅಂದಿರಿ. ಗಿಮಿಕ್ ಮಾಡುವವರು ಸಾಮಾನ್ಯವಾಗಿ ಬೇರೆಯವರ ಬಸ್ಸಿಗೆ ಕಲ್ಲು ಹೊಡೆಯುತ್ತಾರೆ. ಈತ ಕತ್ತರಿ ಹಾಕಿದ್ದು ತನ್ನದೇ ವಿದೇಶ ಪ್ರವಾಸಕ್ಕೆ.

ವರ್ಷಕ್ಕೆ ಮೂರೇ ತಿಂಗಳು ಬರೆಯುತ್ತಿದ್ದನಂತೆ. ನನಗೂ ಕಾದಂಬರಿ ಬರೆಯುವ ಆಸೆ. ರಾಜೀನಾಮೆ ಕೊಡಲೇ?
— ಬ್ಯಾಂಕ್ ನೌಕರ, ಕುಂದಾಪುರ

ಬೇಡ ಮಾರಾಯ್ರೆ. ಆ ಮೂರು ತಿಂಗಳ ಹಿಂದೆ ಎಷ್ಟು ವರ್ಷ ಇತ್ತು ಅಂತ ನೋಡಿ. ಹದಿನಾರರ ಹುಡುಗನಾಗಿದ್ದಾಗಲೇ ಬರೆಯಲು ಕೂತವನು, ಮೊದಲ ಕಾದಂಬರಿ ಅಚ್ಚಾದದ್ದು 1984ರ ಫೆಬ್ರವರಿ 16ಕ್ಕೆ, ಸರಿಯಾಗಿ ತನ್ನ ಮೂವತ್ತನೇ ಹುಟ್ಟುಹಬ್ಬದ ದಿನ. ನಡುವೆ ಆಸ್ಪತ್ರೆಯಲ್ಲಿ ಪೋರ್ಟರ್, ಉಕ್ಕಿನ ಕಂಪನಿಯಲ್ಲಿ ಟೆಕ್ನೀಷಿಯನ್, ಐಬಿಎಂನಲ್ಲಿ ಕೆಲಸ, ಲಂಡನ್ನಿನ ವಕೀಲರ ಕಚೇರಿಯಲ್ಲಿ ಲೆಕ್ಕದ ಗುಮಾಸ್ತ. 'ಯೂಸ್ ಆಫ್ ವೆಪನ್ಸ್' ಕಾದಂಬರಿಯ ಮೊದಲ ಕರಡು 1974ರದ್ದು, ಪುಸ್ತಕವಾದದ್ದು 1990ರಲ್ಲಿ. ಅದರ ಕಥೆಯನ್ನು ಹೇಗೆ ಹೆಣೆಯಬೇಕು ಅಂತ ದಾರಿ ತೋರಿಸಿದವನು ಗ್ರೀನಕ್‌ನ ಹೈಸ್ಕೂಲ್ ಗೆಳೆಯ ಕೆನ್ ಮ್ಯಾಕ್ಲಿಯೋಡ್, ಮುಂದೆ ಅವನೂ ವಿಜ್ಞಾನ ಕಾದಂಬರಿಕಾರನೇ ಆದ. ನಿಮಗೆ ಬೇಕಾಗಿರುವುದು ರಜೆಯಲ್ಲ, ಮುಲಾಜಿಲ್ಲದೆ "ಇದು ಸರಿ ಬಂದಿಲ್ಲ" ಅನ್ನುವ ಒಬ್ಬ ಗೆಳೆಯ.

ಅವನ ಕಾದಂಬರಿಗಳ 'ಕಲ್ಚರ್' ಸಮಾಜದಲ್ಲಿ ದುಡ್ಡೇ ಇಲ್ಲವಂತೆ. ಹಾಗಾದರೆ ಪಾತ್ರೆ ತೊಳೆಯುವವರು ಯಾರು?
— ಗೃಹಿಣಿ, ತಿಪಟೂರು

ಯಂತ್ರಗಳು. ಅಲ್ಲಿ 'ಮೈಂಡ್' ಅನ್ನುವ ಮಹಾಬುದ್ಧಿಯ ಯಂತ್ರಗಳೇ ಹಡಗು, ಊರು, ಅಡುಗೆಮನೆ ಎಲ್ಲ ನೋಡಿಕೊಳ್ಳುತ್ತವೆ. ಯಾರೂ ಹೊಟ್ಟೆಪಾಡಿಗೆ ದುಡಿಯಬೇಕಿಲ್ಲ. ದುಡ್ಡು ಬೇಕಾಗುತ್ತದೆ ಅಂದರೆ ಆ ಸಮಾಜ ಇನ್ನೂ ಬಡವಾಗಿದೆ ಅಂತಲೇ ಲೆಕ್ಕ. ನನ್ನ ಮನೆಯಾಕೆಗೆ ಇದನ್ನು ವಿವರಿಸಿದೆ. "ನಮ್ಮ ಮನೆಯಲ್ಲೂ ಒಬ್ಬರಿಗೆ ಈಗಾಗಲೇ ಹಾಗೇ ನಡೀತಿದೆ" ಅಂದಳು. ಉತ್ತರ ಹೊಳೆಯಲಿಲ್ಲ.

ಇರಾಕಿಗೆ ಸೈನ್ಯ ಕಳಿಸಿದ್ದು ತಪ್ಪು ಅನ್ನುವ ಈತನ ಕಾದಂಬರಿಗಳಲ್ಲಿ 'ಕಲ್ಚರ್'ನವರು ಬೇರೆ ಗ್ರಹಗಳ ರಾಜಕೀಯಕ್ಕೆ ಕೈಹಾಕುತ್ತಾರೆ. ಇದು ಇಬ್ಬಂದಿತನವಲ್ಲವೇ?
— ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಭೇಷ್. ಕೈಹಾಕುತ್ತಾರೆ, ಅದಕ್ಕೆಂದೇ 'ಸ್ಪೆಷಲ್ ಸರ್ಕಮ್‌ಸ್ಟನ್ಸಸ್' ಅನ್ನುವ ಬೇಹುಗಾರಿಕೆ ವಿಭಾಗವೂ ಇದೆ. ಒಟ್ಟಾರೆ ಒಳ್ಳೆಯದೇ ಆಗುತ್ತದೆ ಅಂತ ಮೈಂಡ್‌ಗಳು ಲೆಕ್ಕ ಹಾಕಿ ಹೇಳುತ್ತವೆ. ಬ್ಲೇರ್ ಕೂಡ ಒಳ್ಳೆಯದಾಗುತ್ತದೆ ಅಂತಲೇ ಹೇಳಿದ್ದು.

ಆದರೆ 1987ರ ಮೊದಲ ಕಲ್ಚರ್ ಕಾದಂಬರಿ 'ಕನ್ಸಿಡರ್ ಫ್ಲೀಬಸ್' ಓದಿ. ತಾನೇ ಕಟ್ಟಿದ ಆದರ್ಶ ಸಮಾಜವನ್ನು ಓದುಗರಿಗೆ ಪರಿಚಯಿಸಲು ಬ್ಯಾಂಕ್ಸ್ ಆರಿಸಿಕೊಂಡದ್ದು ಅದರ ಶತ್ರುವನ್ನು. ನಾಯಕ ಹೋರ್ಜಾನಿಗೆ ಕಲ್ಚರ್ ಕಂಡರಾಗದು, ಯಂತ್ರಗಳ ಕೈಗೆ ಬದುಕನ್ನು ಒಪ್ಪಿಸಿ ಕೂತವರು ಅಂತ ಅವನ ತಕರಾರು. ನಾನೂರು ಚಿಲ್ಲರೆ ಪುಟ ಅವನ ಜೊತೆಗೇ ಓಡಾಡುತ್ತೇವೆ. ಕೊನೆಗೆ ಅನುಬಂಧದಲ್ಲಿ, ಕಲ್ಚರ್‌ಗೂ ಅದರ ಶತ್ರುಗಳಿಗೂ ನಡೆದ ಯುದ್ಧದ ಜಮಾಖರ್ಚು ಬರುತ್ತದೆ: 48 ವರ್ಷ, ಸತ್ತವರು 85,140 ಕೋಟಿ. ಅದರ ಕೆಳಗೇ, ಗ್ಯಾಲಕ್ಸಿಯ ಲೆಕ್ಕದಲ್ಲಿ ಇದು ಸಣ್ಣ ಯುದ್ಧ ಅನ್ನುವ ಷರಾ! ಗೆದ್ದವರು ಇತಿಹಾಸ ಬರೆಯುವಾಗ ಧ್ವನಿ ಎಷ್ಟು ತಣ್ಣಗಿರುತ್ತದೆ ನೋಡಿ. ನಾನಂತೂ ಅನುಬಂಧ ಓದಿದ ಮೇಲೆ ಹಿಂದಕ್ಕೆ ಹೋಗಿ ಹೋರ್ಜಾನ ಮಾತುಗಳನ್ನು ಇನ್ನೊಮ್ಮೆ ಓದಿದೆ.

ಹಾಗಂತ ನಿಮ್ಮ ಆಕ್ಷೇಪ ಪೂರ್ತಿ ಬಿದ್ದುಹೋಗುವುದಿಲ್ಲ. ಮುಂದಿನ ಪುಸ್ತಕಗಳಲ್ಲಿ ಕಲ್ಚರ್ ಮೇಲೆ ಆತನಿಗಿದ್ದ ಮಮತೆ ಎದ್ದು ಕಾಣುತ್ತದೆ. ತನ್ನ ಕೂಸಿನ ಬಗ್ಗೆ ನ್ಯಾಯ ಹೇಳುವಾಗ ತಕ್ಕಡಿ ಕೊಂಚ ವಾಲಿದೆ ಅಂತಲೇ ನನ್ನ ಅನಿಸಿಕೆ.

ಇಲಾನ್ ಮಸ್ಕ್ ಕೂಡ ಬ್ಯಾಂಕ್ಸ್ ಅಭಿಮಾನಿಯಂತೆ?
— ಇಂಜಿನಿಯರ್, ಬೆಂಗಳೂರು

ಹೌದು. ಸ್ಪೇಸ್‌ಎಕ್ಸ್ ರಾಕೆಟ್‌ಗಳು ಸಮುದ್ರದಲ್ಲಿ ಬಂದಿಳಿಯುವ ದೋಣಿಗಳಿಗೆ 'ಜಸ್ಟ್ ರೀಡ್ ದಿ ಇನ್‌ಸ್ಟ್ರಕ್ಷನ್ಸ್', 'ಆಫ್ ಕೋರ್ಸ್ ಐ ಸ್ಟಿಲ್ ಲವ್ ಯೂ' ಅಂತ ಹೆಸರು. ಎರಡೂ ಬ್ಯಾಂಕ್ಸ್ ಕಾದಂಬರಿಯ ಹಡಗುಗಳವು. ಖಾಸಗಿ ಆಸ್ತಿಯೇ ಅರ್ಥ ಕಳೆದುಕೊಂಡ ಲೋಕದಿಂದ ಹೆಸರು ಎತ್ತಿಕೊಂಡವರು ಜಗತ್ತಿನ ದೊಡ್ಡ ಶ್ರೀಮಂತರು. ಬ್ಯಾಂಕ್ಸ್ ಕೊನೆತನಕ ಸಮಾಜವಾದಿ. ಹೆಸರಿಟ್ಟಾಗ ಬದುಕಿದ್ದಿದ್ದರೆ ಇನ್ನೇನು ಕತ್ತರಿಸುತ್ತಿದ್ದನೋ.

ಎಡಿನ್‌ಬರೋದಲ್ಲಿ ನರ್ಸ್ ಆಗಿದ್ದೇನೆ. ಅವರ ಊರು ನೋಡಬಹುದಾ ಅಂಕಲ್?
— ಮೂಲತಃ ಮಂಡ್ಯದವಳು

ಧಾರಾಳವಾಗಿ ನೋಡಮ್ಮ. ವೇವರ್ಲಿ ಸ್ಟೇಷನ್ನಿನಲ್ಲಿ ಫೈಫ್ ಕಡೆಯ ರೈಲು ಹತ್ತು, ಕಿಟಕಿ ಪಕ್ಕ ಕೂರು. 1890ರಲ್ಲಿ ತೆರೆದ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಕೆಂಪು ಉಕ್ಕಿನ ಫೋರ್ತ್ ಸೇತುವೆ ದಾಟಿದ ಕೂಡಲೇ ಬರುವ ಸ್ಟೇಷನ್ ನಾರ್ತ್ ಕ್ವೀನ್ಸ್‌ಫೆರಿ. ಆತ ಬಾಲ್ಯ ಕಳೆದದ್ದೂ ಅಲ್ಲೇ, ದುಡಿದು ಹೆಸರಾದ ಮೇಲೆ ವಾಪಸು ಬಂದು ಮನೆ ಮಾಡಿದ್ದೂ ಅಲ್ಲೇ. 1986ರ 'ದಿ ಬ್ರಿಡ್ಜ್' ಕಾದಂಬರಿ ಪೂರ್ತಿ ಈ ಸೇತುವೆಯ ನೆರಳಲ್ಲಿದೆ.

ಕುಡುಕನಾಗಿದ್ದನೇ?
— ಹೆಸರು ಬೇಡ

ವಿಸ್ಕಿ ಮೇಲೆ ಒಂದು ಪುಸ್ತಕ ಬರೆದಿದ್ದಾನೆ, ಬಿಬಿಸಿ ಕ್ವಿಜ್‌ನಲ್ಲಿ ಅದೇ ವಿಷಯ ಆರಿಸಿಕೊಂಡು ಗೆದ್ದಿದ್ದಾನೆ. ಪೋರ್ಷೆ, ಜಾಗ್ವಾರ್ ಅಂತ ಕಾರುಗಳ ಹುಚ್ಚೂ ಇತ್ತು. 2007ರ ಸುಮಾರಿಗೆ ಪರಿಸರಕ್ಕೆ ಕೆಟ್ಟದ್ದು ಅಂತ ಮಾರಿಬಿಟ್ಟ. ವಿಸ್ಕಿ ಬಿಡಲಿಲ್ಲ.

ಸಾಯುವುದು ಗೊತ್ತಾದ ಮೇಲೂ ತಮಾಷೆ ಮಾಡಿದ್ದನಂತೆ, ನಿಜವೇ?
— ನಿವೃತ್ತ ಶಿಕ್ಷಕರು, ಸಾಗರ

ನಿಜ. 2013ರ ಏಪ್ರಿಲ್‌ನಲ್ಲಿ ತನಗೆ ಕ್ಯಾನ್ಸರ್, ಹೆಚ್ಚು ದಿನವಿಲ್ಲ ಅಂತ ಲೋಕಕ್ಕೆ ತಿಳಿಸುವಾಗ, ಜೊತೆಗಾತಿಯನ್ನು "ನನ್ನ ವಿಧವೆಯಾಗುವ ಗೌರವ ಕೊಡುತ್ತೀಯಾ" ಅಂತ ಕೇಳಿದ್ದೇನೆ ಎಂದು ಬರೆದ. ಮದುವೆಯೂ ಆಯಿತು. ಜೂನ್ 9ಕ್ಕೆ ತೀರಿಕೊಂಡ. ಕೊನೆಯ ಕಾದಂಬರಿ 'ದಿ ಕ್ವಾರಿ'ಯಲ್ಲಿ ಕ್ಯಾನ್ಸರ್‌ನಿಂದ ಸಾಯುತ್ತಿರುವ ಒಬ್ಬನಿದ್ದಾನೆ. ವಿಚಿತ್ರ ಅಂದರೆ, ತನ್ನ ರೋಗ ಗೊತ್ತಾಗುವ ಹೊತ್ತಿಗೆ ಅದನ್ನು ಬಹುಪಾಲು ಬರೆದು ಮುಗಿಸಿದ್ದ.

ಎಲ್ಲಿಂದ ಓದಲು ಶುರು ಮಾಡಲಿ?
— ಪಿಯುಸಿ ವಿದ್ಯಾರ್ಥಿ, ಹಾಸನ

'ದಿ ಪ್ಲೇಯರ್ ಆಫ್ ಗೇಮ್ಸ್'. ಆಟದಲ್ಲಿ ಗೆದ್ದವನೇ ಚಕ್ರವರ್ತಿಯಾಗುವ ಸಾಮ್ರಾಜ್ಯಕ್ಕೆ ಕಲ್ಚರ್‌ನ ಆಟಗಾರನೊಬ್ಬ ಹೋಗುತ್ತಾನೆ. ಚೆಸ್ ಹುಚ್ಚಿದ್ದರೆ ಪರೀಕ್ಷೆ ಮುಗಿದ ಮೇಲೆ ಮುಟ್ಟು. 'ದಿ ವಾಸ್ಪ್ ಫ್ಯಾಕ್ಟರಿ' ಸದ್ಯಕ್ಕೆ ಬೇಡ; ಅದರಲ್ಲಿ ಪ್ರಾಣಿಗಳಿಗೆ ಆಗುವ ಗತಿ ಓದಿ ನಿಮ್ಮಮ್ಮ ನನಗೆ ಕಾಗದ ಬರೆಯುತ್ತಾರೆ.