ಸಮೀಕರಣ ಬಿಡಿಸುವ ಹುಡುಗ ಖರೀದಿಯ ಲೆಕ್ಕದಲ್ಲಿ ಏಕೆ ತಡವರಿಸುತ್ತಾನೆ?

ಎಂಟನೆಯ ತರಗತಿಯ ನಿಮ್ಮ ಮಗ ಸಮೀಕರಣ ಬರೆದುಕೊಟ್ಟರೆ ಸರಸರನೆ ಬಿಡಿಸುತ್ತಾನೆ, ಅಂಗಡಿಯಲ್ಲಿ ಇಷ್ಟು ಕೊಂಡರು, ಅಷ್ಟು ಕೊಟ್ಟರು ಎಂಬ ಲೆಕ್ಕ ಬಂದರೆ ಸುಮ್ಮನೆ ಕುಳಿತುಬಿಡುತ್ತಾನೆ ಎಂದು ಬರೆದಿದ್ದೀರಿ. ಗದಗದಲ್ಲಿ ಮನೆಪಾಠ ಹೇಳುವ ನನ್ನ ಬಳಿಗೆ ಇಂಥ ಮಕ್ಕಳೇ ಹೆಚ್ಚು ಬರುತ್ತಾರೆ. ಅವರಿಗೆ ಬೀಜಗಣಿತ ಬಾರದೆಂದಲ್ಲ. ಎಕ್ಸ್ ಎಂದರೆ ಇಲ್ಲಿ ಏನು ಎಂದು ತೀರ್ಮಾನಿಸುವ ಮೊದಲೇ ಬರೆಯಲು ತೊಡಗುತ್ತಾರೆ.

ಈ ಲೆಕ್ಕ ನೋಡಿ. ಖಾರದ ಪುಡಿ ಮಾಡಿಸಲು ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಎರಡೂ ಸೇರಿ 10 ಕಿಲೋ ಮೆಣಸಿನಕಾಯಿ ಕೊಂಡರು. ಬ್ಯಾಡಗಿ ಕಿಲೋಗೆ 400 ರೂಪಾಯಿ, ಗುಂಟೂರು 200. ಒಟ್ಟು ಕೊಟ್ಟದ್ದು 3,400. ಯಾವುದು ಎಷ್ಟು ಕಿಲೋ? (ದರ ಲೆಕ್ಕಕ್ಕಾಗಿ ಇಟ್ಟದ್ದು, ಬ್ಯಾಡಗಿ ಪೇಟೆಯವರು ಜಗಳಕ್ಕೆ ಬರಬಾರದು.)

ಮಕ್ಕಳು ಮೊದಲು ಬರೆಯುವುದು ‘ಎಕ್ಸ್ = ಬ್ಯಾಡಗಿ’ ಎಂದು. ಅಲ್ಲಿಗೇ ದಾರಿ ತಪ್ಪಿತು. ಅಕ್ಷರ ಮೆಣಸಿನಕಾಯಿಯಲ್ಲ, ಒಂದು ಸಂಖ್ಯೆ. ತೂಕವೋ, ದರವೋ, ಕೊಟ್ಟ ಹಣವೋ? ದರ ಗೊತ್ತಿದೆ, ಹಣ ಗೊತ್ತಿದೆ, ಗೊತ್ತಿಲ್ಲದ್ದು ತೂಕ. ಆದ್ದರಿಂದ ‘ತ = ಬ್ಯಾಡಗಿ ಮೆಣಸಿನಕಾಯಿಯ ತೂಕ, ಕಿಲೋಗಳಲ್ಲಿ’ ಎಂದು ಪೂರ್ತಿ ವಾಕ್ಯವನ್ನೇ ಬರೆಸಿ. ಆಗ ಗುಂಟೂರು 10 − ತ ಎಂಬುದು ಅವನಿಗೇ ಹೊಳೆಯುತ್ತದೆ.

ಸಮ ಚಿಹ್ನೆಯ ಎರಡೂ ಕಡೆ ಒಂದೇ ಜಾತಿಯ ವಸ್ತು ಇರಬೇಕು. ಈ ಲೆಕ್ಕದಲ್ಲಿ ಅದು ರೂಪಾಯಿ:

400ತ + 200(10 − ತ) = 3,400

ಬಿಡಿಸಿದರೆ ತ = 7. ಬ್ಯಾಡಗಿ 7 ಕಿಲೋ, ಗುಂಟೂರು 3 ಕಿಲೋ. 2,800ಕ್ಕೆ 600 ಸೇರಿಸಿ ತಾಳೆ ನೋಡಲು ಹೇಳಿ.

ಇದನ್ನೇ ಕಿರಾಣಿ ಅಂಗಡಿಯವರು ಬಾಯಿಲೆಕ್ಕದಲ್ಲಿ ಮಾಡುತ್ತಾರೆ. ಹತ್ತೂ ಕಿಲೋ ಗುಂಟೂರೇ ಆಗಿದ್ದರೆ 2,000 ಆಗುತ್ತಿತ್ತು. ಹೆಚ್ಚಾದದ್ದು 1,400. ಒಂದೊಂದು ಕಿಲೋ ಬದಲಿಸಿದರೂ 200 ಏರುತ್ತದೆ, ಹಾಗಾದರೆ ಏಳು ಕಿಲೋ. ಈಗ ಸಮೀಕರಣದ ನಡುವಿನ ಸಾಲನ್ನು ತೋರಿಸಿ: 200ತ = 1,400. ಅದೇ 1,400, ಅದೇ 200! ನನ್ನ ಮಕ್ಕಳಲ್ಲಿ ಹೆಚ್ಚಿನವರ ಮುಖ ಅರಳುವುದು ಇಲ್ಲಿಯೇ. ಹಾಗಾಗಿ ನಾನು ಮೊದಲು ಬಾಯಿಲೆಕ್ಕ ಮಾಡಿಸಿ, ಆಮೇಲೆ ಅಕ್ಷರ ಬರೆಸುತ್ತೇನೆ. ಪಠ್ಯಪುಸ್ತಕದ ಕ್ರಮ ಬೇರೆ; ಇರಲಿ.

ಅಜ್ಞಾತಗಳು ಎರಡಾದರೆ ನಮ್ಮ ಮಹಾವೀರಾಚಾರ್ಯರ ಲೆಕ್ಕ ಕೊಡಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದವರು, ಒಂಬತ್ತನೆಯ ಶತಮಾನ. ಅವರ ‘ಗಣಿತಸಾರಸಂಗ್ರಹ’ದಲ್ಲಿದೆ: 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107, 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು? ಎರಡನ್ನೂ ಕೂಡಿಸಿದರೆ 16 ಜೋಡಿಗೆ 208, ಅಂದರೆ ಜೋಡಿಗೆ 13. ಕಳೆದರೆ 2 ಮಾದಲ 2 ಬೇಲಕ್ಕಿಂತ 6 ಹೆಚ್ಚು, ಒಂದಕ್ಕೆ 3 ಹೆಚ್ಚು. ಮಾದಲ 8, ಬೇಲ 5.

ಉತ್ತರ ಬಂದ ಮೇಲೆ ಅದು ನಂಬುವಂಥದ್ದೇ ಎಂದೂ ಕೇಳಿ. ಮೊದಲ ಲೆಕ್ಕದಲ್ಲಿ ಒಟ್ಟು 3,500 ಆಗಿದ್ದರೆ ಬ್ಯಾಡಗಿ ಏಳೂವರೆ ಕಿಲೋ. ತೊಂದರೆಯಿಲ್ಲ, ತೂಗಿ ಕೊಡುತ್ತಾರೆ. ಏಳೂವರೆ ನೋಟ್‌ಬುಕ್ ಬಂದರೆ ಮಾತ್ರ ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ಓದಿಸಿ.