ಶಿರಸಿಯಲ್ಲಿದ್ದು ಫೋಟೋ ಕ್ಯಾಲೆಂಡರ್, ಮಗ್ ಮಾಡಿ ಆನ್‌ಲೈನ್‌ನಲ್ಲಿ ಮಾರಲು ಯಾವ ಮಷೀನ್ ಕೊಳ್ಳಬೇಕು?

ಗಿರಾಕಿಗಳ ಫೋಟೋ ಹಾಕಿದ ಕ್ಯಾಲೆಂಡರ್, ಮಗ್, ಟೀ ಶರ್ಟ್ ಮಾಡಿ ಮಾರಬೇಕು, ಕೈಯಲ್ಲಿ ಒಂದು ಲಕ್ಷ ಇದೆ, ಮೊದಲು ಯಾವ ಮಷೀನ್ ಕೊಳ್ಳಲಿ ಎಂದು ಕೇಳಿದ್ದೀರಿ. ಕ್ಯಾಲೆಂಡರಿಗೆ ಯಾವುದೂ ಬೇಡ ಎನ್ನುತ್ತೇನೆ. ಹುಬ್ಬಳ್ಳಿಯ ಡಿಜಿಟಲ್ ಪ್ರೆಸ್‌ನಲ್ಲಿ ಮುದ್ರಿಸಿ, ಅಲ್ಲೇ ವೈರೋ (ಹಾಳೆಗಳನ್ನು ಸೇರಿಸುವ ತಂತಿಯ ಬೈಂಡಿಂಗ್) ಹಾಕಿಸಿ ತರಿಸಿಕೊಳ್ಳಿ. ಮಗ್‌ಗೆ ಮಾತ್ರ ಒಂದು ಸಣ್ಣ ಮಗ್ ಪ್ರೆಸ್ (ಕಾಗದದ ಚಿತ್ರವನ್ನು ಬಿಸಿಯಿಂದ ಒತ್ತಿ ಮಗ್‌ಗೆ ಹಿಡಿಸುವ ಯಂತ್ರ), ಜೊತೆಗೊಂದು ಎ4 ಪ್ರಿಂಟರ್ ಸಾಕು. ಈ ಕೆಲಸದಲ್ಲಿ ದುಡ್ಡು ಕಳೆಯುವುದು ತಪ್ಪು ಫೈಲ್ ಮುದ್ರಣಕ್ಕೆ ಹೋದಾಗ. ಒಂದು ಮನೆಯ ಫೋಟೋ ಇರುವ ಕ್ಯಾಲೆಂಡರ್ ಇನ್ನೊಂದು ಮನೆಗೆ ಮಾರಾಟವಾಗುವುದಿಲ್ಲ. ಆದ್ದರಿಂದ ನಿಮ್ಮ ಬಂಡವಾಳ ಮತ್ತು ವೇಳೆ ಎರಡೂ ಫೈಲ್ ತಯಾರಿಯ ಮೇಲೆ ಹೋಗಲಿ.

ಮೊದಲು ಫೋಟೋ. ವಾಟ್ಸಾಪ್‌ನಲ್ಲಿ ಮಾಮೂಲಿ ರೀತಿ ಕಳಿಸಿದ ಫೋಟೋದ ಉದ್ದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಎ4 ಪುಟ ತುಂಬಲು 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 2480 × 3508 ಪಿಕ್ಸೆಲ್ ಬೇಕು. 1600 ಪಿಕ್ಸೆಲ್ ಎಂದರೆ ಅದೇ ಲೆಕ್ಕದಲ್ಲಿ ಹದಿಮೂರೂವರೆ ಸೆಂಟಿಮೀಟರ್, ಅರ್ಧ ಪುಟಕ್ಕೂ ಸಾಲದು. ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಹೇಗೆ ಕಳಿಸಬೇಕೆಂಬ ಸ್ಕ್ರೀನ್‌ಶಾಟ್ ಸಮೇತ ಮೊದಲ ಸಂದೇಶದಲ್ಲೇ ತಿಳಿಸಿಬಿಡಿ. ಅಜ್ಜ ಅಜ್ಜಿಯ ಕಾಲದ 4 × 6 ಇಂಚಿನ ಪ್ರಿಂಟ್ ಇದ್ದರೆ ಮೊಬೈಲಿನಲ್ಲಿ ಫೋಟೋ ತೆಗೆಯುವುದು ಬೇಡ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. 2400 × 3600 ಸಿಗುತ್ತದೆ, ಎ4ಗೆ ಹೆಚ್ಚೂಕಮ್ಮಿ ಸಾಕಾಗುತ್ತದೆ.

ಟೆಂಪ್ಲೇಟ್‌ನಲ್ಲಿ ಸುತ್ತಲೂ 3 ಮಿಮೀ ಬ್ಲೀಡ್ (ಕಟ್ ಮಾಡುವಾಗ ಹೋಗುವ ಹೆಚ್ಚುವರಿ ಚಿತ್ರದ ಅಂಚು) ಬಿಡಿ, ಕಟಿಂಗ್ ಗೆರೆಯಿಂದ 5 ಮಿಮೀ ಒಳಗೆ ಅಕ್ಷರ ಇಡಬೇಡಿ. ವೈರೋ ಬರುವ ಮೇಲಂಚಿನಲ್ಲಿ 10 ಮಿಮೀ ಪೂರ್ತಿ ಖಾಲಿ ಎಂದೇ ತಿಳಿಯಿರಿ. ಹೆಚ್ಚಿನವರು ಎಡವುವುದು ಇಲ್ಲಿ: ನಿಂತ ಮನುಷ್ಯನ ಫೋಟೋದಲ್ಲಿ ತಲೆ ಮೇಲಂಚಿಗೇ ಇರುತ್ತದೆ, ತೂತು ಸರಿಯಾಗಿ ಹಣೆಯ ಮೇಲೆ ಬೀಳುತ್ತದೆ. ಪ್ರೆಸ್‌ನವರಿಗೆ 13 × 19 ಇಂಚಿನ ಶೀಟ್‌ನಲ್ಲೇ ಹಾಕಲು ಹೇಳಿ. ಬ್ಲೀಡ್ ಸೇರಿಸಿದ ಎರಡು ಎ4 ಪುಟಕ್ಕೆ 432 × 303 ಮಿಮೀ ಬೇಕು. 12 × 18 ಶೀಟ್‌ನ ಅಗಲವೇ 305 ಮಿಮೀ, ಅದರಲ್ಲೂ ಮಷೀನ್ ಅಂಚಿನಲ್ಲಿ ಕೆಲವು ಮಿಮೀ ಮುದ್ರಿಸುವುದಿಲ್ಲ. ಕಟ್ ಮಾಡಿದ ಮೇಲೆ ಬದಿಯಲ್ಲಿ ಬಿಳಿ ಗೆರೆ ಉಳಿಯುತ್ತದೆ.

ಬಣ್ಣದ ವಿಷಯ ನಮ್ಮ ಜಿಲ್ಲೆಯವರಿಗೆ ಹೆಚ್ಚು ಕಾಡುತ್ತದೆ. ಗೋಕರ್ಣದ ಸಮುದ್ರದ ನೀಲಿ, ಜುಲೈ ತಿಂಗಳ ಗದ್ದೆಯ ಹಸಿರು, ಕಾರವಾರದ ಸಂಜೆಯ ಕೇಸರಿ, ಮೂರೂ ಮೊಬೈಲ್ ಪರದೆಯಲ್ಲಿ ಹೊಳೆಯುತ್ತವೆ, ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣ: ತಿಳಿನೀಲಿ, ಕೆನ್ನೇರಳೆ, ಹಳದಿ, ಕಪ್ಪು) ಶಾಯಿಗೆ ಸಿಕ್ಕುವುದಿಲ್ಲ. ಕಾಗದದ ಮೇಲೆ ಮಂಕಾಗುತ್ತವೆ. ಮೊದಲೇ ಸಿಎಂವೈಕೆಗೆ ಬದಲಿಸಿ ನೋಡಿ, ಗಿರಾಕಿಗೂ ಅದನ್ನೇ ತೋರಿಸಿ. ದಿನಾಂಕದ ಅಂಕಿಗಳು ಕಪ್ಪು ಶಾಯಿ ಒಂದರಲ್ಲೇ ಇರಲಿ. ನಾಲ್ಕೂ ಬಣ್ಣ ಸೇರಿದ ಕಪ್ಪಾದರೆ ಸ್ವಲ್ಪ ಜರುಗಿದರೂ ಅಂಕಿಯ ಸುತ್ತ ಬಣ್ಣದ ನೆರಳು ಕಾಣುತ್ತದೆ.

ಕನ್ನಡ ಅಕ್ಷರಕ್ಕೆ ಯುನಿಕೋಡ್ ಫಾಂಟ್ ಬಳಸಿ. ನೋಟೋ ಸೆರಿಫ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಉಚಿತ, ವ್ಯಾಪಾರಕ್ಕೂ ಬಳಸಬಹುದು. ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ’ ಕಂಪೋಸರ್ ಆನ್ ಮಾಡದಿದ್ದರೆ ಒತ್ತಕ್ಷರ ಬಿಚ್ಚಿಕೊಳ್ಳುತ್ತದೆ, ‘ಅಕ್ಕ’ ಎಂಬುದು ‘ಅಕ್‌ಕ’ ಆಗುತ್ತದೆ. ಪ್ರೆಸ್‌ಗೆ ಕಳಿಸುವ ಮುನ್ನ ಅಕ್ಷರಗಳನ್ನು ಕರ್ವ್ ಮಾಡಿ (ಫಾಂಟ್ ಇಲ್ಲದೆಯೂ ಕಾಣುವಂತೆ ಗೆರೆಯ ಆಕಾರವಾಗಿ ಬದಲಿಸಿ) ಪಿಡಿಎಫ್ ತೆಗೆಯಿರಿ, ಆ ಪಿಡಿಎಫ್ ತೆರೆದು ಮತ್ತೊಮ್ಮೆ ಓದಿ.

ಇನ್ನು ದಿನಾಂಕ. 2027ಕ್ಕೆ ಮಾಡುವುದಾದರೆ, ಭಾನುವಾರದಿಂದ ಶುರುವಾಗುವ ಚೌಕದಲ್ಲಿ ಜನವರಿ, ಮೇ, ಅಕ್ಟೋಬರ್ ತಿಂಗಳಿಗೆ ಆರು ಸಾಲು ಬೇಕು. ಐದೇ ಸಾಲಿನ ಟೆಂಪ್ಲೇಟ್ ಮಾಡಿಟ್ಟರೆ 31 ಎಲ್ಲಿ ಹಾಕುವುದು ಎಂದು ಕೊನೆಯಲ್ಲಿ ಪೇಚಾಡಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಕ್ಯಾಲೆಂಡರಿನ ಪಂಚಾಂಗವನ್ನು ನಕಲು ಮಾಡಬೇಡಿ. ಅದು ಅವರ ಕೃತಿ, ಸಾಲದ್ದಕ್ಕೆ ತಿಥಿ ಸೂರ್ಯೋದಯದ ಲೆಕ್ಕ, ಬೇರೆ ಊರಿನದು ಇಲ್ಲಿಗೆ ಒಂದು ದಿನ ತಪ್ಪಬಹುದು. ಹವ್ಯಕರ ಮನೆಯ ಏಕಾದಶಿ ಮತ್ತು ಮಾಧ್ವ ಪರಂಪರೆಯ ಕೊಂಕಣಿ ಮನೆಯ ಏಕಾದಶಿ ಕೆಲವು ಸಲ ಬೇರೆ ದಿನ ಬರುತ್ತವೆ. ಭಟ್ಕಳದ ಗಿರಾಕಿಗೆ ಈದ್ ಹಾಕುವಾಗ ‘ಚಂದ್ರದರ್ಶನದಂತೆ’ ಎಂದು ಸೇರಿಸಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಹಳೆಯ ಫೈಲ್ ನಕಲು ಮಾಡುವಾಗ ಅದು ತಪ್ಪು ವರ್ಷಕ್ಕೆ ಬಂದು ಕೂರುತ್ತದೆ. ನನ್ನನ್ನು ಕೇಳಿದರೆ ಪಂಚಾಂಗವನ್ನೇ ಬಿಟ್ಟು ಸರ್ಕಾರಿ ರಜೆ, ಊರಿನ ಜಾತ್ರೆ, ಮನೆಯವರ ಹುಟ್ಟುಹಬ್ಬ ಇಷ್ಟೇ ಹಾಕುವುದು ಒಳ್ಳೆಯದು. ಹುಟ್ಟುಹಬ್ಬವನ್ನು ‘5-4’ ಎಂದು ಬರೆಸಿಕೊಳ್ಳಬೇಡಿ, ‘5 ಏಪ್ರಿಲ್’ ಎಂದೇ ಬರೆಸಿ. ಯಾವ ತಿಂಗಳಿಂದ ಬೇಕಾದರೂ ಹನ್ನೆರಡು ತಿಂಗಳು ಮಾಡಿಕೊಡುವ ಸೌಲಭ್ಯ ಇಟ್ಟರೆ ಯುಗಾದಿಗೂ ಮದುವೆಗೂ ಆರ್ಡರ್ ಬರುತ್ತದೆ, ಜನವರಿ ಕಳೆದ ಮೇಲೆ ಕೈಕಟ್ಟಿ ಕೂರಬೇಕಿಲ್ಲ.

ಪೂರ್ತಿ ಪಿಡಿಎಫ್ ಕಳಿಸಿ, ‘ಹೆಸರು, ದಿನಾಂಕ, ಫೋಟೋ ನೋಡಿದ್ದೇನೆ, ಮುದ್ರಿಸಿ’ ಎಂಬ ಉತ್ತರ ಬಂದ ಮೇಲೆಯೇ ಪ್ರೆಸ್‌ಗೆ ಕಳಿಸಿ. ಹಣವೂ ಆಗಲೇ ಪೂರ್ತಿ ಬಂದಿರಬೇಕು. ಇಂಥ ಸಾಮಾನಿಗೆ ಕ್ಯಾಶ್ ಆನ್ ಡೆಲಿವರಿ ಇಡಲೇಬೇಡಿ, ವಾಪಸ್ ಬಂದರೆ ಅದು ರದ್ದಿ.

ಗಾತ್ರವನ್ನು ಕೊರಿಯರ್ ಲೆಕ್ಕ ನೋಡಿ ತೀರ್ಮಾನಿಸಿ. 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಗುವ) ಕಾಗದದ ಎ4, ಹೊದಿಕೆ ಸೇರಿ 13 ಹಾಳೆ ಸುಮಾರು 203 ಗ್ರಾಂ. ಗಟ್ಟಿ ರಟ್ಟಿನ ನಡುವೆ ಇಟ್ಟು 33 × 24 × 2 ಸೆಂಮೀ ಪ್ಯಾಕ್ ಮಾಡಿದರೆ, ಉದ್ದ ಅಗಲ ಎತ್ತರ ಗುಣಿಸಿ 5000ರಿಂದ ಭಾಗಿಸುವ ಕೊರಿಯರ್‌ನವರ ಗಾತ್ರದ ತೂಕದ ಲೆಕ್ಕದಲ್ಲಿ 320 ಗ್ರಾಂ ಆಸುಪಾಸು. ಕೊರಿಯರ್ ದರದ 500 ಗ್ರಾಂ ಸ್ಲ್ಯಾಬ್‌ನ (ಹಂತದ) ಒಳಗೇ ಉಳಿಯುತ್ತದೆ. ಅದೇ ಕಾಗದದ ಎ3ಯ ಹಾಳೆಗಳೇ 405 ಗ್ರಾಂ, ಚಪ್ಪಟೆ ಪ್ಯಾಕ್‌ನ ಲೆಕ್ಕ 600 ಗ್ರಾಂ ಹತ್ತಿರ, ಮುಂದಿನ ಸ್ಲ್ಯಾಬ್‌ಗೆ ಜಿಗಿಯುತ್ತದೆ. ಎ3 ಬೇಕೆಂದವರಿಗೆ 170 ಜಿಎಸ್‌ಎಂನಲ್ಲಿ ಮುದ್ರಿಸಿ, ಮೇಲೆ ತಗಡಿನ ಪಟ್ಟಿ ಹಾಕಿಸಿ, ಸುತ್ತಿ ಕೊಳವೆಯಲ್ಲಿ ಕಳಿಸಿ. ವೈರೋ ಹಾಕಿದ್ದನ್ನು ಮಾತ್ರ ಸುತ್ತಬೇಡಿ, ತಂತಿ ಬಾಗಿದರೆ ಹಾಳೆ ಸಲೀಸಾಗಿ ತಿರುಗುವುದಿಲ್ಲ.

ಮಗ್‌ಗೆ ಪಾಲಿಮರ್ ಲೇಪನದ 11 ಔನ್ಸ್ ಬಿಳಿ ಮಗ್, ಸಬ್ಲಿಮೇಶನ್ ಶಾಯಿ (ಬಿಸಿಗೆ ಆವಿಯಾಗಿ ಲೇಪನದೊಳಗೆ ಇಳಿಯುವ ಶಾಯಿ) ಹಾಕಿದ ಎ4 ಪ್ರಿಂಟರ್, ಒಂದು ಮಗ್ ಪ್ರೆಸ್. ಚಿತ್ರ ಸುಮಾರು 20 × 9 ಸೆಂಮೀ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಬೇಕು. ಶಾಖ ತಡೆಯುವ ಟೇಪ್‌ನಿಂದ ಬಿಗಿಯಾಗಿ ಕಟ್ಟಿ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 180 ಸೆಕೆಂಡ್‌ನಿಂದ ಶುರುಮಾಡಿ ನಿಮ್ಮ ಪ್ರೆಸ್‌ಗೆ ಹೊಂದಿಸಿಕೊಳ್ಳಿ. ಚಿತ್ರ ಎರಡೆರಡಾಗಿ ಕಂಡರೆ ಕಾಗದ ಜರುಗಿದೆ. ಬಾಯಿಯ ಅಂಚಿನಲ್ಲಿ ಮಸುಕಾದರೆ ಅಲ್ಲಿ ಒತ್ತಡ ಸಾಲುತ್ತಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಥಂಡಿ ಕಾಗದಕ್ಕೆ ಇಳಿದಿರುತ್ತದೆ, ಬಿಸಿ ತಾಗಿದಾಗ ಆವಿಯಾಗಿ ಶಾಯಿಯನ್ನು ಹರಡಿಸಿ ಕಲೆ ಮಾಡುತ್ತದೆ. ಕಾಗದವನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಆ ಮಗ್ ಹೋದಂತೆಯೇ, ಮತ್ತೆ ಅದೇ ಜಾಗಕ್ಕೆ ಚಿತ್ರ ಕೂರಿಸಲಾಗುವುದಿಲ್ಲ. ಮಗ್ ಪ್ರೆಸ್ ಇನ್ವರ್ಟರ್ ಮೇಲೆ ಇರಲಿ. ಆರ್ಡರ್ ಇಲ್ಲದ ದಿನಗಳಲ್ಲೂ ಆಗಾಗ ಪ್ರಿಂಟರಿನ ಒಂದು ನಾಝಲ್ ಚೆಕ್ (ಶಾಯಿಯ ತೂತುಗಳನ್ನು ಪರೀಕ್ಷಿಸುವ ಪ್ರಿಂಟ್) ತೆಗೆಯಿರಿ, ಇಲ್ಲವಾದರೆ ಶಾಯಿ ಒಣಗಿ ಪ್ರಿಂಟರಿನ ಹೆಡ್ ಕಟ್ಟಿಕೊಳ್ಳುತ್ತದೆ.

ಟೀ ಶರ್ಟ್ ಸದ್ಯಕ್ಕೆ ಬೇಡ. ಸಬ್ಲಿಮೇಶನ್ ತಿಳಿಬಣ್ಣದ ಪಾಲಿಯೆಸ್ಟರ್ ಮೇಲೆ ಮಾತ್ರ ಹಿಡಿಯುತ್ತದೆ, ಜನ ಕೇಳುವುದು ಹತ್ತಿ. ಅದಕ್ಕೆ ಡಿಟಿಎಫ್ (ಫಿಲ್ಮ್ ಮೇಲೆ ಮುದ್ರಿಸಿ ಬಿಸಿಯಿಂದ ಬಟ್ಟೆಗೆ ಅಂಟಿಸುವ ವಿಧಾನ) ಬೇಕು, ಜೊತೆಗೆ ಸೈಜ್ ತಕರಾರು ಬೇರೆ.

ತೆರಿಗೆ: ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಚಿಕ್ಕದಿರಲಿ ಜಿಎಸ್‌ಟಿ ನೋಂದಣಿ ಬೇಕು. ಕಾರವಾರದಾಚೆಯ ಗೋವಾವೂ ಬೇರೆ ರಾಜ್ಯವೇ. ಕರ್ನಾಟಕದೊಳಗೆ ಸರಕಿಗೆ ವರ್ಷಕ್ಕೆ 40 ಲಕ್ಷದವರೆಗೆ ವಿನಾಯಿತಿ ಇದೆ. 2023ರ ಅಕ್ಟೋಬರ್ 1ರಿಂದ ಇ-ಕಾಮರ್ಸ್ ತಾಣಗಳಲ್ಲೂ ನೋಂದಣಿಯಿಲ್ಲದೆ, ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ರಾಜ್ಯದೊಳಗೆ ಮಾರಬಹುದು. ಗಿರಾಕಿಯೇ ಕೊಟ್ಟ ಫೋಟೋ ಮುದ್ರಿಸುವುದು ಸರಕೋ ಸೇವೆಯೋ ಎಂಬುದನ್ನು ಸಿಎ ಹತ್ತಿರ ಮೊದಲೇ ಇತ್ಯರ್ಥ ಮಾಡಿಕೊಳ್ಳಿ, ಸೇವೆಗೆ ಮಿತಿ 20 ಲಕ್ಷ.

ಊರಿನ ದೃಶ್ಯಗಳ ಕ್ಯಾಲೆಂಡರನ್ನೂ ಮಾರುವುದಾದರೆ, ಇಂಟರ್ನೆಟ್‌ನಲ್ಲಿ ಸಿಕ್ಕ ಯಾಣದ ಅಥವಾ ಯಕ್ಷಗಾನದ ಫೋಟೋ ಎತ್ತಿ ಹಾಕಬೇಡಿ. ಫೋಟೋ ತೆಗೆದವರಿಂದ ಲಿಖಿತ ಒಪ್ಪಿಗೆ ಪಡೆದು ಹಣ ಕೊಡಿ, ಪುಟದ ಕೆಳಗೆ ಅವರ ಹೆಸರು ಹಾಕಿ. ಕಾರವಾರದ ಕದಂಬ ನೌಕಾನೆಲೆಯ ಸುತ್ತಮುತ್ತ ತೆಗೆದ ಡ್ರೋನ್ ಚಿತ್ರ ಯಾರು ಕೊಟ್ಟರೂ ಮುಟ್ಟಬೇಡಿ.