ಗಾಯ ಕಾಲಿಗೆ, ಪೆಟ್ಟು ಕಿಡ್ನಿಗೆ ಯಾಕೆ?

ಪ್ರಶ್ನೆ: ಮಾವನವರಿಗೆ ಕಾಲಿನ ಗಾಯ ನಂಜಾಯಿತು. ಎರಡೇ ದಿನದಲ್ಲಿ ಸೆಪ್ಟಿಕ್ ಶಾಕ್, ಕಿಡ್ನಿಗೂ ಪೆಟ್ಟು ಅಂದರು. ಹೇಗೆ ಡಾಕ್ಟ್ರೇ?
– ಓದುಗರು, ಮಾಟುಂಗಾ, ಮುಂಬೈ

ಉತ್ತರ: ನಿಮ್ಮ ಗಾಬರಿ ಅರ್ಥವಾಗುತ್ತದೆ. ಸೆಪ್ಟಿಕ್ ಶಾಕ್ ಅಂದರೆ ಸೋಂಕಿನಿಂದಾಗಿ ಬಿಪಿ ಅಪಾಯದ ಮಟ್ಟಕ್ಕೆ ಕುಸಿಯುವುದು. ಸೋಂಕನ್ನು ಎದುರಿಸಲು ದೇಹ ಬಿಡುವ ರಾಸಾಯನಿಕಗಳು ಗಾಯದ ಹತ್ತಿರವೇ ನಿಲ್ಲದೆ ಮೈಯೆಲ್ಲ ಹರಡಿದಾಗ ರಕ್ತನಾಳಗಳ ಒಳಪದರಕ್ಕೇ ಉರಿಯೂತ ಬರುತ್ತದೆ. ಆ ಪದರ ಬರೀ ಪೈಪಿನ ಗೋಡೆ ಅಲ್ಲ, ಏನು ಒಳಗಿರಬೇಕು, ಏನು ಹೊರಗೆ ಹೋಗಬೇಕು ಅಂತ ನೋಡಿಕೊಳ್ಳುವುದೂ ಅದೇ. ಅದು ಕೆಟ್ಟರೆ ನೀರಿನಂಶ ಸೋರುತ್ತದೆ, ನಾಳಗಳು ಸಡಿಲವಾಗಿ ಬಿಪಿ ಕುಸಿಯುತ್ತದೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಕಿಡ್ನಿಗೆ ಆಮ್ಲಜನಕ ಸಾಲುವುದಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಬಹುದು. ಸರಾಸರಿ ಬಿಪಿಯನ್ನು (ಬಿಪಿಯ ಮೇಲಿನ, ಕೆಳಗಿನ ಅಂಕಿಗಳ ನಡುವೆ ಬರುವ ಲೆಕ್ಕ) 65ಕ್ಕಿಂತ ಕೆಳಗೆ ಬಿಡಬಾರದು ಅಂತ ಐಸಿಯುನಲ್ಲಿ ಒದ್ದಾಡುವುದು ಇದಕ್ಕೇ. ಮಳೆಗಾಲದಲ್ಲಿ ಇಲ್ಲಿ ಗಾಯದ ಕಾಲಲ್ಲೇ ಕೊಳಚೆ ನೀರು ದಾಟುತ್ತೇವೆ ಅಲ್ವಾ? ಆಮೇಲೆ ಜ್ವರ, ಏದುಸಿರು, ಮೂತ್ರ ಕಡಿಮೆ, ಮಾತು ತೊದಲುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.